ಮಾಳವ್ವನ ತಾಟು

ಸೌರಭ ತನ್ನ ಆ್ಯಪಿನ ಹದಿನೇಳನೆಯ ಪುಟ ತೆರೆದು ತೋರಿಸುತ್ತಿದ್ದ. ಅದರಲ್ಲಿದ್ದಷ್ಟು ಬಣ್ಣ ಹೋಳಿಯ ದಿನ ಇಡೀ ಹುಬ್ಬಳ್ಳಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಯಾವ ಓಣಿಗೆ ನೀರು ಎಂದು ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಹಿಂದಿನ ಪಾಳಿಗಿಂತ ಎಷ್ಟು ಹನಿ ಕಡಿಮೆ, ಎಲ್ಲವನ್ನೂ ಅದು ಬಲ್ಲದು. ಗೋಕುಲ ರಸ್ತೆಯ ಶೆಡ್ಡಿನಲ್ಲಿ ಎರಡು ವರ್ಷ ಕೂತು ಅವನೂ ಅವನ ಪಾಲುದಾರೆ ಗೀತಾಂಜಲಿಯೂ ಅದನ್ನು ಕಟ್ಟಿದ್ದರು. ಅಷ್ಟರಲ್ಲಿ ಅವರಿಬ್ಬರು ಕುಡಿದ ಚಹಾ ಸುರಿದಿದ್ದರೆ ಉಣಕಲ್ ಕೆರೆ ಎರಡು ಸಲ ಕೋಡಿ ಬೀಳುತ್ತಿತ್ತು.

ಈವರೆಗೆ ಅದನ್ನು ಬಳಸಿದವರು ಒಬ್ಬರೇ, ಸೌರಭನ ತಾಯಿ. ಅವರ ಮನೆಯಲ್ಲಿ ಬೋರ್‌ವೆಲ್ ಇತ್ತು.

ಈ ಸಲದ ನೀರಿನ ಪಾಳಿಯೊಳಗೆ ಹತ್ತು ಮನೆಯವರಾದರೂ ತಾವಾಗಿ ಬಳಸದಿದ್ದರೆ ತಾನು ಧಾರವಾಡದಾಚೆ ಬೇಲೂರಿನ ಕಾರ್ಖಾನೆಗೆ ಸೇರುವುದಾಗಿ ಗೀತಾಂಜಲಿ ಹೇಳಿಬಿಟ್ಟಿದ್ದಳು. ನೌಕರಿಯ ಪತ್ರ ಅವಳ ಚೀಲದಲ್ಲೇ ಇತ್ತು. ಅವಳಿಲ್ಲದೆ ಸೌರಭನಿಗೆ ಬಲ್ಬು ಹಾಕಲೂ ಬರುತ್ತಿರಲಿಲ್ಲ. ಅದಕ್ಕೇ ಅವನು ಓಣಿಯ ಹಿರಿಯಳಾದ ಮಾಳವ್ವನ ಕಟ್ಟೆ ಹಿಡಿದು ಕೂತಿದ್ದ. ಜನತಾ ಬಜಾರಿನಲ್ಲಿ ಕಾಯಿಪಲ್ಲೆ ಮಾರುವ ಅವಳು ಹೂಂ ಅಂದರೆ ಮೂವತ್ತು ಮನೆಗಳೂ ಹೂಂ ಅಂದಂತೆ.

"ಅದೆಲ್ಲಾ ಇರಲಿ. ನೀರ ಯಾವಾಗ ಬರತೈತಿ?" ಎಂದಳು ಮಾಳವ್ವ.

"ನಾಳೆ ಮುಂಜಾನೆ ಆರು ಗಂಟೆ ಹನ್ನೆರಡು ನಿಮಿಷಕ್ಕರಿ."

ಮಾತು ಮುಗಿಯುವ ಮೊದಲೇ ಒಳಗೆ ಠಣ್ಣೆಂದಿತು. ನೀರು ಬಿದ್ದರೆ ಸದ್ದಾಗಲೆಂದು ತೆರೆದಿಟ್ಟ ನಳದ ಕೆಳಗೆ ಅವಳು ಬೋರಲು ಹಾಕಿದ್ದ ಸ್ಟೀಲಿನ ತಾಟು. ಹಿಂದೆಯೇ ಮನೆಮನೆಯ ತಾಟುಗಳೂ ಠಣಗುಟ್ಟತೊಡಗಿದವು. ಆ ಸದ್ದಿಗೆ ಧಾರವಾಡಕ್ಕೆ ಹೊರಟ ಬಸ್ಸುಗಳು ನಡುದಾರಿಯಲ್ಲೇ ನಿಂತಿರಬೇಕು.

"ನಿನ್ನ ಫೋನಿಗೆ ನಾಳೆ ತಿಳೀಲಿ. ಈಗ ಈ ಕೊಡಾ ಹಿಡಿ."

ಸೌರಭ ಕಡಿಮೆಯೆಂದರೂ ಸಾವಿರ ಕೊಡ ಹೊತ್ತ. ಗೀತಾಂಜಲಿ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಕ್ಕದ ಮನೆಗೆ ಮಾತ್ರ ಬೀಗ. ಒಳಗೆ ತಾಟು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

"ಹುಮಾ ಟೀಚರ್ ಸಾಲಿಗೆ ಹೋಗ್ಯಾಳ. ನೀರೆಲ್ಲಾ ಗಟಾರಕ್ಕ," ಎಂದಳು ಮಾಳವ್ವ. "ನಾ ಅದಕ್ಕ ಎರಡ ದಿನದಿಂದ ಯಾಪಾರ ಬಿಟ್ಟು ಇಲ್ಲೇ ಕುಂತೇನಿ."

ಎರಡು ವರ್ಷ ಊರಿಗೆಲ್ಲ ಹೇಳುತ್ತಲೇ ಬಂದಿದ್ದ ಸೌರಭ ಮೊದಲ ಸಲ ಕೇಳಿದ: "ಹಂಗಾದ್ರ ನಿಮಗೇನ ಬೇಕರಿ?"

"ಈ ತಾಟಿನ ಸಪ್ಪಳ ಬಜಾರದಾಗ ಕೇಳಿಸಿದ್ರ ಸಾಕು. ನಿನ್ನ ಬಣ್ಣಾ ತುಗೊಂಡು ಏನ ಮಾಡ್ಲಿ?" ಎಂದು ಅವಳು ರಬ್ಬರ್ ಬ್ಯಾಂಡ್ ಸುತ್ತಿದ ತನ್ನ ಬಟನ್ ಫೋನು ತೋರಿಸಿದಳು.

ಗೀತಾಂಜಲಿಯ ನಗು ನಿಂತಿತು. ಆ್ಯಪಿಗಾಗಿ ತಾವೇ ಓಣಿಯ ಪೈಪಿಗೆ ಕಟ್ಟಿದ್ದ ನೀರಳೆಯುವ ಯಂತ್ರ ಬಿಚ್ಚಿ, ಅದರೊಳಗಿನ ಸಿಮ್ಮಿನ ಡಬ್ಬಿಯನ್ನು ತೆಗೆದು, ಮಾಳವ್ವನ ನಂಬರು ಕೇಳಿ ಏನೋ ತಿದ್ದಿದಳು. ಬೆಂಕಿಪೊಟ್ಟಣದಷ್ಟಿದ್ದ ಅದನ್ನು ಸೊಪ್ಪಿನ ಸಿವುಡಿನ ದಾರದಿಂದ ತಾಟಿಗೆ ಬಿಗಿದು, ಗೆಣ್ಣಿನಿಂದ ಒಮ್ಮೆ ಬಡಿದಳು. ಮಾಳವ್ವನ ಫೋನು ರಿಂಗಾಯಿತು.

"ಯಾರದವಾ?"

"ನಿಮ್ಮ ತಾಟಿಂದರಿ ಯವ್ವಾ. ಎತ್ತಬ್ಯಾಡ್ರಿ, ಕಟ್ ಮಾಡ್ರಿ."

ಮಾಳವ್ವ ಮತ್ತೆ ನಾಲ್ಕು ಸಲ ತಾಟು ಬಡಿದು, ನಾಲ್ಕು ಸಲ ಕಟ್ ಮಾಡಿದಳು. ಆಮೇಲೆ ಓಣಿಯನ್ನೇ ಕರೆದಳು. ಗೀತಾಂಜಲಿ ಚೀಲ ಹೆಗಲಿಗೇರಿಸುತ್ತ, "ಇನ್ನೊಂದ ಪಾಳಿ ನೋಡೂಣು," ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಸೌರಭ ಹದಿನೇಳೂ ಪುಟಗಳನ್ನು ಅಳಿಸಿದ. ಹಲ್ಲು ಕೀಳಿಸಿಕೊಳ್ಳುವವನ ಮುಖವಿತ್ತು ಅವನದು.

ಎಂಟನೆಯ ದಿನ ಇಬ್ಬರೂ ಜನತಾ ಬಜಾರಿನಲ್ಲಿ ನಿಂತಿದ್ದರು. ಹತ್ತು ತಾಟಿಗೆ ಹತ್ತು ಡಬ್ಬಿ ಕಟ್ಟಿಯಾಗಿತ್ತು. ಹನ್ನೊಂದೂವರೆಗೆ ಮಾಳವ್ವನ ಫೋನು ರಿಂಗಾಯಿತು. ಆಮೇಲೆ ಅದೇ ಸಾಲಿನಲ್ಲಿ ಬುಟ್ಟಿ ಇಟ್ಟು ಕೂತಿದ್ದ ಅವಳ ಓಣಿಯವರದು, ಒಂದಾದ ಮೇಲೊಂದು. ಯಾರೂ ಎತ್ತಲಿಲ್ಲ. ಒಬ್ಬೊಬ್ಬರೇ ಕಟ್ ಮಾಡಿ, ಬುಟ್ಟಿಗೆ ಗೋಣಿಚೀಲ ಹೊದಿಸಿ ಎದ್ದರು. ಎಣಿಸುತ್ತ ನಿಂತ ಗೀತಾಂಜಲಿಯ ಒಂಬತ್ತು ಬೆರಳು ಬಿಚ್ಚಿಕೊಂಡವು. ಹತ್ತನೆಯದು ಮಡಿಸಿಯೇ ಇತ್ತು.

ಆಗ ಹುಮಾ ಟೀಚರರ ಸ್ಕೂಟರ್ ಗಿರಾಕಿಗಳ ನಡುವೆ ನುಸುಳಿ ಬಂತು. "ನಂದೂ ಬಾರಿಸ್ತು ಮಾಳವ್ವಾ. ಲಗೂ ಹತ್ತ್ರಿ."

ಮಾಳವ್ವ ತಕ್ಕಡಿಯನ್ನು ಸೌರಭನ ಕೈಗಿಟ್ಟಳು. "ತಮ್ಮಾ, ಬದನಿಕಾಯಿ ನೋಡ್ಕೋ. ಎಷ್ಟ ಅತ್ರೂ ರೇಟ ಇಳಸಬ್ಯಾಡ."

ಸೌರಭ ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬಂದ ಮೊದಲ ಗಿರಾಕಿ ಪಾವು ಕಿಲೋ ಹಸಿಮೆಣಸಿನಕಾಯಿ ಕೇಳಿದ. ಕಟ್ಟಿಕೊಡಲು ಕಾಗದ ಕಾಣಲಿಲ್ಲ. ಗೀತಾಂಜಲಿ ಚೀಲಕ್ಕೆ ಕೈಹಾಕಿ ನಾಲ್ಕು ಮಡಿಕೆಯ ಪತ್ರವೊಂದನ್ನು ತೆಗೆದು, ಮಡಿಕೆ ಬಿಚ್ಚಿ, ಮೊಹರು ಹೊರಗೆ ಕಾಣುವಂತೆ ಸುರುಳಿ ಸುತ್ತಿ ಹಿಡಿದಳು. ಸೌರಭ ಅದರೊಳಗೆ ಮೆಣಸಿನಕಾಯಿ ಸುರಿದ.