ಶನಿವಾರದ ಸಾರು

ಗಂಡನ ಬಾಯಿಗೆ ಅಕ್ಕಿಕಾಳು ಹಾಕಲು ಬಗ್ಗಿದ್ದ ವೇದವತಮ್ಮನ ಕೈ ಅಲ್ಲೇ ನಿಂತಿತು. ಪರದೇಶದ ಊರು ಮಿಲ್ಪಿಟಾಸಿನ ಆ ಫ್ಯೂನರಲ್ ಹೋಮಿನೊಳಕ್ಕೆ ಹುಡುಗರ ಹಿಂಡೊಂದು ಬರುತ್ತಿತ್ತು. ಎಲ್ಲರೂ ಬಾಗಿಲೆತ್ತರ, ಮೈಮೇಲೆ ನೀಲಿ ಜೆರ್ಸಿ, ಕೈಯಲ್ಲಿ ಐಸ್ ಹಾಕಿ ಸ್ಟಿಕ್ಕು. ಸಾವಿನ ಮನೆಗೆ ದೊಣ್ಣೆ ಹಿಡಿದು ಬಂದವರನ್ನು ಅವರು ಈ ವಯಸ್ಸಿನವರೆಗೆ ಕಂಡಿರಲಿಲ್ಲ.

"ಯಾರೇ ಇವ್ರೆಲ್ಲ?" ಎಂದು ಮಗಳು ಹಂಸಾಳನ್ನು ಕೇಳಿದರು.

"ಅಪ್ಪನ ಟೀಮು, ಅಮ್ಮ."

"ನಿಮ್ಮಪ್ಪಂಗೆ ಎಲ್ಲೀ ಟೀಮು? ಸ್ಕೇಟಿಂಗೇ ಬರ್ತಿರ್ಲಿಲ್ಲ."

ಪುರೋಹಿತರು ಗಡಿಯಾರ ನೋಡಿದರು. ವೇದವತಮ್ಮ ಗಲಿಬಿಲಿಯಲ್ಲೇ ಅಕ್ಕಿಕಾಳು ಹಾಕಿ ಹಿಂದೆ ಸರಿದರು.

*

ಆ ಹುಡುಗರ ತಂಡದ ಮೊದಲ ಸೀಸನ್ನಿನಲ್ಲಿ ಮೊಮ್ಮಗ ಕುಶಲ್‌ಗೆ ಒಂಬತ್ತು ವರ್ಷ. ಆಡಿದ್ದೆಲ್ಲ ಸೋಲು. ಅಜ್ಜ ದ್ವಾರಕಾನಾಥರು ಅವನ ಸ್ಕೇಟಿನ ಲೇಸು ಕಟ್ಟಲು ಹೋಗುತ್ತಿದ್ದರು. ಎರಡನೆಯ ಸೀಸನ್ನಿಗೆ ಕುಶಲ್ ಚೆಸ್ಸಿಗೆ ಹಾರಿದ. ಅಜ್ಜ ಮಾತ್ರ ಐಸಿನಂಗಳದ ಆ ರಿಂಕು ಬಿಡಲಿಲ್ಲ. ಆಟಗಾರರು ಕೂರುವ ಬೆಂಚಿಗೊಂದು ಪುಟ್ಟ ಬಾಗಿಲಿದೆಯಂತೆ. ದಣಿದವರು ಒಳಬರುವಾಗ ಅದನ್ನು ತೆಗೆಯುವ ಕೆಲಸ ಹಿಡಿದರು. ಮೂರನೆಯದರಲ್ಲಿ ಒಂದೇ ಒಂದು ಗೆಲುವು. ಅವತ್ತು ಮನೆಯಲ್ಲಿ ಪಾಯಸ ಮಾಡಿಸಿಕೊಂಡು ಉಂಡರು. ನಾಲ್ಕನೆಯದನ್ನು ಕೋವಿಡ್ ನುಂಗಿತು. ಮುಚ್ಚಿದ ರಿಂಕಿನ ಪಾರ್ಕಿಂಗ್ ಲಾಟಿಗೂ ಹೋಗಿ ನಿಂತು ಬಂದ ಪುಣ್ಯಾತ್ಮ ಅವರು! ಆಮೇಲೆ ಹುಡುಗರು ಬೆಳೆದರು, ಗೆಲ್ಲಲು ಕಲಿತರು. ಹೋದ ವರ್ಷ ಫೈನಲ್ ತಲುಪಿ ಸೋತರು. ಎರಡು ದಿನ ಇವರ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ವೇದವತಮ್ಮನಿಗೆ ಇದೆಲ್ಲ ಬಿಸಿತುಪ್ಪ. ಮೊಮ್ಮಗನೇ ಇಲ್ಲದ ಕಡೆ ಮುದುಕನಿಗೇನು ಕೆಲಸ ಎಂದು ಗೊಣಗುತ್ತಲೇ, ಥಂಡಿಗೆ ನೆಗಡಿಯಾದೀತೆಂದು ಶನಿವಾರ ಶನಿವಾರ ದೊಡ್ಡ ಫ್ಲಾಸ್ಕಿನ ತುಂಬ ಮೆಣಸಿನ ಸಾರು ಕೊಡುತ್ತಿದ್ದರು. ಅದು ಖಾಲಿಯಾಗಿ ಬರುತ್ತಿತ್ತು. ಹೇಗಿತ್ತೆಂಬ ಮಾತು ಒಂದು ದಿನವೂ ಬರಲಿಲ್ಲ.

ಕಳೆದ ಶನಿವಾರ ಅವರು ಸಾರು ಮಾಡಲಿಲ್ಲ. "ನಿಮಗೆ ನಾನು ಬೇಕೋ, ಆ ಐಸು ಬೇಕೋ?" ಎಂದು ಕೇಳಿಯೂಬಿಟ್ಟರು. ದ್ವಾರಕಾನಾಥರು ಖಾಲಿ ಫ್ಲಾಸ್ಕನ್ನೇ ಹೆಗಲಿಗೆ ಹಾಕಿಕೊಂಡು ಹೋದರು. ಬೆಂಚಿನ ಬಾಗಿಲ ಬಳಿಯೇ ಕುಸಿದರಂತೆ.

*

ಹುಡುಗರ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ತನ್ನ ಹೆಸರು ಖಾಲಿದಾ, ಬೆಂಗಳೂರಿನವಳು, ಗೋಲ್‌ಕೀಪರ್ ಜೈದ್‌ನ ತಾಯಿ ಎಂದಳು. ಅವಳ ಕೈಯಲ್ಲಿ ಅದೇ ಫ್ಲಾಸ್ಕಿತ್ತು.

"ರಿಂಕಲ್ಲೇ ಉಳಿದಿತ್ತು, ಆಂಟಿ. ಹಾಫು ಹಾಫು ಕಪ್ಪು ಎಲ್ಲರಿಗೂ ಹಂಚೋರು. ನಮ್ಮ ಹುಡುಗರು ಆ ಸಾರು ಕುಡೀದೆ ಐಸಿಗೆ ಇಳೀತಾನೇ ಇರ್ಲಿಲ್ಲ."

ವೇದವತಮ್ಮ ಫ್ಲಾಸ್ಕನ್ನು ಕೈಗೆ ತೆಗೆದುಕೊಂಡರು. ಇಷ್ಟು ವರ್ಷ ತಾನು ಯಾರಿಗೆ ಒಗ್ಗರಣೆ ಹಾಕಿದೆ? ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯದೆ, ಬಾಯಿಗೆ ಬಂದದ್ದನ್ನೇ ಕೇಳಿದರು: "ಅವತ್ತು... ಖಾಲಿ ಇತ್ತಲ್ಲಮ್ಮ?"

"ಹ್ಞೂಂ. ಹುಡುಗರು ಕೇಳಿದ್ರು. 'ಇವತ್ತು ನಮ್ಮ ವೇದಾಗೆ ರಜಾ' ಅಂದ್ರು ಅಂಕಲ್ಲು. 'ಅವಳೂ ಟೀಮಲ್ವಾ, ಒಂದಿನ ರೆಸ್ಟು ಬೇಡ್ವಾ?' ಅಂತ ನಕ್ಕರು."

ಅಲ್ಲಿನ ಕೆಲಸದವರು ಶವಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಅದು ದಹನದ ಕೋಣೆಯ ಒಳಬಾಗಿಲ ಕಡೆ ಗಾಲಿಗಳ ಮೇಲೆ ಉರುಳತೊಡಗಿದ್ದೇ ತಡ, ಹುಡುಗರು ಸ್ಟಿಕ್ಕಿನಿಂದ ನೆಲ ತಟ್ಟತೊಡಗಿದರು. ಟಕ್, ಟಕ್, ಟಕ್. ಪುರೋಹಿತರ ಮಂತ್ರ ನಿಂತಿತು. ಗದರಬೇಕೇ ಎಂಬಂತೆ ಅವರು ವೇದವತಮ್ಮನ ಮುಖ ನೋಡಿದರು.

"ಆಟದಲ್ಲಿ ಪೆಟ್ಟಾದವರು ಎದ್ದು ಹೊರಗೆ ಹೋಗುವಾಗ ಹೀಗೆ ತಟ್ತಾರೆ, ಆಂಟಿ," ಎಂದಳು ಖಾಲಿದಾ ಮೆಲ್ಲಗೆ. "ಮರ್ಯಾದೆಗೆ."

ವೇದವತಮ್ಮ ಸುತ್ತ ನೋಡಿದರು. ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿದ್ದ ಮರದ ಕುರ್ಚಿಯ ಬೆನ್ನಿಗೆ ಒಮ್ಮೆ ಕುಟ್ಟಿದರು. ಹುಡುಗರ ತಾಳಕ್ಕೆ ಅದು ಕೂಡಲಿಲ್ಲ. ಮತ್ತೆ ಕುಟ್ಟಿದರು. ಒಳಬಾಗಿಲು ತೆರೆದುಕೊಂಡಿತು.