ರಸಾಯನ ಕಿವುಚಿದ ಕೈ

ಸೋಮವಾರ ಈರುಳ್ಳಿಯನ್ನೂ ಮುಟ್ಟದ ಮನೆ ಅದು. ಅಂಥ ಮನೆಯ ಸೊಸೆಯ ತಲೆಯೊಳಗೆ ಹಂದಿಯ ಹುಳ ಸಿಕ್ಕಿದೆ ಎಂದರೆ ಅರಸೀಕೆರೆಯ ನೆಂಟರಿಷ್ಟರು ಏನಂದಾರು? ಅತ್ತೆ ಸಿದ್ದಗಂಗಮ್ಮನಿಗೆ ಹತ್ತಿದ ಚಿಂತೆ ಅದೊಂದೇ. ಸೊಸೆ ಹುಷಾರಾಗುತ್ತಾಳೋ ಇಲ್ಲವೋ ಎಂಬುದು ಆಮೇಲಿನ ಮಾತು.

ಮೂರು ತಿಂಗಳಿಂದ ಸೊಸೆ ಇಂದುವಿಗೆ ಗೋಡೆಯಾಚೆ ಯಾರೋ ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಸಿಟ್ಟು, ಇದ್ದಕ್ಕಿದ್ದಂತೆ ಭಯ. ಅತ್ತೆ ತಾಯತ ಕಟ್ಟಿಸಿದರು, ಸೊಸೆಗೆ ಹುಚ್ಚು ಎಂದು ಬೀದಿಗೆಲ್ಲ ಡಂಗುರ ಹೊಡೆದರು. ಒಂದು ದಿನ ಅವಳು ಒಲೆಯ ಮುಂದೆಯೇ ಬಿದ್ದು ಕೈಕಾಲು ಸೆಟೆದು ಒದ್ದಾಡಿದ ಮೇಲೆ ಹಾಸನಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿದರು. ಇಂಜೆಕ್ಷನ್ನಿನ ಮಂಪರಿನಲ್ಲಿ ಅವಳು ಬೆಂಚಿನ ಮೇಲೆ ಮಲಗಿದ್ದಾಗ ಡಾಕ್ಟರು ಮಾತಾಡಿದ್ದು ಗಂಡ ಉಮಾಶಂಕರನ ಜೊತೆ. ಮನೆಗೆ ಬಂದು ಅವನು ಹೇಳಿದ್ದು ಒಂದೇ ಮಾತು: "ಹಂದಿ ಹುಳವಂತೆ."

"ಹಾಸ್ಟೆಲ್ನಾಗಿದ್ದಾಗ ಎಲ್ಲೆಲ್ಲಿ ಏನೇನ್ ತಿಂದಿದ್ಯೋ! ನಮ್ ಮನೆ ಮರ್ಯಾದೆ ತೆಗೆದೆ ಕಣೇ," ಎಂದು ಅತ್ತೆ ಮೂಗಿಗೆ ಸೆರಗು ಹಿಡಿದರು. ಅಂದಿನಿಂದ ಇಂದುವಿಗೆ ಬೇರೆ ತಟ್ಟೆ, ಬೇರೆ ಲೋಟ. ದೇವರ ಮನೆಯ ಹೊಸ್ತಿಲು ದಾಟುವಂತಿಲ್ಲ. ಬರುವ ಸೋಮವಾರದ ಪೂಜೆ ಮುಗಿಸಿ ಅವಳನ್ನು ಕಣಕಟ್ಟೆಯ ತವರಿಗೆ ಬಿಟ್ಟುಬರುವುದೆಂದು ತೀರ್ಮಾನವೂ ಆಯಿತು. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಇಂದುವಿಗೆ ತನ್ನ ಮೈಯನ್ನು ಕಂಡರೆ ತನಗೇ ಅಸಹ್ಯವಾಗತೊಡಗಿತು. ದಿನಕ್ಕೆ ನಾಲ್ಕು ಸಲ ಬಾಯಿ ತೊಳೆದಳು.

ಆ ಸೋಮವಾರ ಬೆಳಿಗ್ಗೆ ಮಾತ್ರೆ ಮುಗಿದಿತ್ತು. ಗಂಡನಿಗೆ ಪುರುಸೊತ್ತಿಲ್ಲ. ಅವಳೊಬ್ಬಳೇ ರೈಲು ಹತ್ತಿ ಹಾಸನಕ್ಕೆ ಹೋದಳು.

"ಮೂರು ಡಬ್ಬಿ ಕೊಟ್ಟಿದ್ನಲ್ಲಮ್ಮ, ಎಲ್ಲಿ?" ಎಂದರು ಡಾಕ್ಟರು.

"ಯಾವ ಡಬ್ಬಿ ಸಾರ್?"

"ಮನೇಲಿರೋ ಮೂವರ ಮಲ ಪರೀಕ್ಷೆಗೆ. ನಿಮ್ಮ ಯಜಮಾನ್ರಿಗೆ ಎಲ್ಲಾ ಬಿಡಿಸಿ ಹೇಳಿದ್ದೆ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದೋರ ಹೊಟ್ಟೇಲಿ ಲಾಡಿಹುಳ ಬೆಳೆಯುತ್ತೆ. ಅದರ ಮೊಟ್ಟೆ ಅವರ ಮಲದಲ್ಲಿ ಬಂದು, ತೊಳೆಯದ ಕೈಯಿಂದ ಇನ್ನೊಬ್ಬರ ಊಟಕ್ಕೆ ಸೇರುತ್ತೆ. ಆ ಇನ್ನೊಬ್ಬರು ನೀವು. ಮೊಟ್ಟೆ ಒಡೆದು ಮರಿಹುಳ ರಕ್ತದಲ್ಲಿ ಮೆದುಳಿಗೆ ಹೋಗಿ ಈಗ ಸಾಯ್ತಾ ಇದೆ, ಸುತ್ತ ಊದಿಕೊಂಡಿದೆ. ಫಿಟ್ಸು, ಭಯ, ಪಿಸುಮಾತು, ಎಲ್ಲಾ ಆ ಊತದಿಂದಲೇ. ಹುಚ್ಚಲ್ಲ, ವಾಸಿಯಾಗುತ್ತೆ. ಆದ್ರೆ ನಿಮಗೆ ಇದನ್ನ ಕೊಟ್ಟೋರು ಮನೇಲೇ ಇದ್ರೆ ಮತ್ತೆ ಬರುತ್ತೆ."

ರೈಲಿನಲ್ಲಿ ಕೂತವಳು ಮನೆಯವರ ಕೈಗಳನ್ನು ಒಂದೊಂದಾಗಿ ನೆನೆದಳು. ಉಮಾಶಂಕರ ಪಂಪ್‌ಸೆಟ್ ಮಾರುವವನು. ವಾರಕ್ಕೆರಡು ದಿನ ಅರೇಹಳ್ಳಿ ಕಡೆಯ ಕಾಫಿ ಎಸ್ಟೇಟುಗಳಲ್ಲೇ ಅವನ ಊಟ. ಮನೆಯ ಸೋಮವಾರದ ಪೂಜೆಯೂ ಅವನದೇ. ಚಮಚ ಎಂಜಲೆಂದು ಬಾಳೆಹಣ್ಣಿನ ರಸಾಯನವನ್ನು ಕೈಯಲ್ಲೇ ಕಿವುಚಬೇಕು, ಅದೂ ಮನೆಯ ಗಂಡಸೇ ಕಿವುಚಬೇಕು ಎಂಬುದು ಅತ್ತೆಯ ಕಟ್ಟಳೆ. ಆ ಮನೆಯಲ್ಲಿ ಕೈಗೆ ಒಂದು ಉದ್ಧರಣೆ ನೀರು ಬಿದ್ದರೆ ಶುದ್ಧ. ಸೋಪಿನಲ್ಲಿ ಕೊಬ್ಬಿರುತ್ತದೆಂದು ಅದು ದೇವರ ಮನೆಯ ಹತ್ತಿರವೂ ಸುಳಿಯುವಂತಿರಲಿಲ್ಲ.

ಸಂಜೆ ಅವಳು ಬಂದಾಗ ಅವಳ ಬ್ಯಾಗು ಬಾಗಿಲಲ್ಲಿತ್ತು. ಉಮಾಶಂಕರ ಹಣೆ ತುಂಬ ವಿಭೂತಿ ಧರಿಸಿ, ಮೊಣಕೈವರೆಗೆ ಹಣ್ಣು ಮೆತ್ತಿಕೊಂಡು ರಸಾಯನ ಕಿವುಚುತ್ತಿದ್ದ. ಬೆರಳ ಸಂದಿಯಿಂದ ಲೋಳೆ ಜಾರುತ್ತಿತ್ತು.

"ಡಬ್ಬಿ ಎಲ್ಲಿ ರೀ?"

ಅವನ ಕೈ ನಿಂತಿತು. ಡಾಕ್ಟರ ಮಾತನ್ನು ಅವಳು ಅತ್ತೆಯ ಎದುರಿಗೇ ಒಂದೂ ಬಿಡದೆ ಒಪ್ಪಿಸಿದಳು.

"ಎಸ್ಟೇಟ್ನೋರು ಬಲವಂತ ಮಾಡ್ತಾರೆ... ಕೆಂಡದ ಮೇಲೆ ಅರ್ಧಂಬರ್ಧ ಸುಟ್ಟಿರ್ತಾರೆ," ಎಂದ. ಪಾತ್ರೆಯೊಳಕ್ಕೇ ನೋಡುತ್ತ, "ಒಂದು ವರ್ಷದಿಂದ ಕಕ್ಕಸ್ನಾಗೆ ಹುಳ ಬೀಳ್ತಾ ಐತೆ. ಬೆಳ್ಳಗೆ, ಕೊಬ್ಬರಿ ಚೂರಿನ ಹಂಗೆ. ಯಾರಿಗೂ ಹೇಳಾಕೆ ನಾಚಿಕೆ ಆಯ್ತು."

ಒಂದು ವರ್ಷ! ಇಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು. ಅಷ್ಟು ಸೋಮವಾರವೂ ಆ ರಸಾಯನವನ್ನು ಕಣ್ಣಿಗೊತ್ತಿಕೊಂಡು ತಿಂದಿದ್ದಳು. ಈ ಮನುಷ್ಯನ ನಾಚಿಕೆಗೆ ತನ್ನ ತಲೆ ಹುಳದ ಗೂಡಾಗಿದೆ. ಹಂದಿಗಿಂತ, ಹುಳಕ್ಕಿಂತ ಅವನೇ ಹೇಸಿಗೆ ಎನಿಸಿತು.

ಸಿದ್ದಗಂಗಮ್ಮ ಚೇತರಿಸಿಕೊಂಡರು. "ಗಂಡಸ್ರು ಹೊರಗೆ ಹೋದಾಗ ತಿಂತಾರೆ ಕಣೇ, ಅದನ್ನೇ ದೊಡ್ಡದು ಮಾಡಬ್ಯಾಡ. ಬೀದೀಲಿ ಬಾಯಿ ಬಿಟ್ಟೀಯ. ಇವತ್ತು ಊರಿಗೆ ಹೋಗೋದು ಬ್ಯಾಡ, ಪ್ರಸಾದ ತಗೊಂಡು ಒಳಗ್ ನಡಿ."

ಇಂದು ರಸಾಯನದ ಪಾತ್ರೆಯನ್ನು ಎತ್ತಿ ಅತ್ತೆಯ ಮುಂದೆ ಹಿಡಿದಳು.

"ನೀವು ದೊಡ್ಡೋರು ಅತ್ತೆ. ಮೊದಲು ನೀವು ತಗೊಳ್ಳಿ."

ಅಭ್ಯಾಸಬಲದಿಂದ ಅತ್ತೆಯ ಕೈ ಮುಂದೆ ಬಂತು. ಪಾತ್ರೆಯ ಅಂಚಿಗೆ ತಾಗುವ ಮೊದಲೇ ನಿಂತಿತು. ಮಗನ ಕೈಯನ್ನೊಮ್ಮೆ ನೋಡಿ, ಏನನ್ನೂ ಮುಟ್ಟದಿದ್ದ ತಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

ಇಂದು ರಸಾಯನವನ್ನು ಕಕ್ಕಸಿಗೆ ಸುರಿದು ನೀರು ಹಾಕಿದಳು. ಬಚ್ಚಲಿನ ಸೋಪನ್ನು ತಂದು ದೇವರ ಮನೆಯ ಹೊಸ್ತಿಲ ಮೇಲಿಟ್ಟಳು. ಅವನ ಚೀಲ ಕೊಡವಿದಾಗ ಮೂರು ಡಬ್ಬಿಗಳೂ ಸಿಕ್ಕವು.

"ಬೆಳಿಗ್ಗೆ ಮೂರೂ ತುಂಬಿರಬೇಕು," ಎಂದಳು. "ಅಲ್ಲೀವರೆಗೆ ಬೇರೆ ತಟ್ಟೆ, ಬೇರೆ ಲೋಟ ಇವರಿಗೆ."

ಆಮೇಲೆ ಬಾಗಿಲಲ್ಲಿದ್ದ ಬ್ಯಾಗನ್ನು ಎತ್ತಿಕೊಂಡು ಒಳಗೆ ಹೋದಳು.