ಕಡಿಯಬಾರದ ಹಾಡು

ಊರಿಗೆಲ್ಲ ಹಾಡು ಕಲಿಸಿದ ಮಹಾಬಲೇಶ್ವರ ಮಾಸ್ತರರು ಸ್ವತಃ ಹಾಡಿದ್ದನ್ನು ಅಂಕೋಲೆಯಲ್ಲಿ ಕೇಳಿದವರೇ ಇಲ್ಲ. ಮೇ ತಿಂಗಳ ಬೆವರಿನಲ್ಲೂ ಬಿಚ್ಚದ ಕಂದು ಕೋಟು, ಎಡಭುಜ ಮುಂದೆ ಮಾಡಿ ಸಂತೆಯ ಜನರನ್ನು ಸರಿಸಿಕೊಂಡು ಹೋಗುವಂಥ ನಡಿಗೆ, ಬಲಗೈಯಲ್ಲಿ ಮಡಿಸಿದ ಕೊಡೆ. ಆ ಕೊಡೆಯ ತುದಿ ಎದ್ದರೆ ಭಜನಾ ಮಂಡಳಿಯ ಅಷ್ಟೂ ಕಂಠಗಳು ಏಳಬೇಕು, ಇಳಿದರೆ ಇಳಿಯಬೇಕು. ನೀವೇಕೆ ಹಾಡುವುದಿಲ್ಲವೆಂದು ವಿದ್ಯಾ ಒಮ್ಮೆ ಕೇಳಿದ್ದಕ್ಕೆ, ಅಡುಗೆಯವನೇ ಪಂಕ್ತಿಯಲ್ಲಿ ಕೂತರೆ ಬಡಿಸುವವರು ಯಾರು ಎಂದು ಗದರಿದ್ದರು. ಅವರ ಬಾಯಿಂದ ಹೊರಡುತ್ತಿದ್ದ ಪರಮೋಚ್ಚ ಪ್ರಶಂಸೆಯೆಂದರೆ ‘ಅಡ್ಡಿಲ್ಲ’. ಆ ಒಂದು ಪದಕ್ಕಾಗಿ ವಿದ್ಯಾ ಹುಡುಗಿಯಾಗಿದ್ದಾಗಿನಿಂದಲೂ, ಮದುವೆಯಾಗಿ ಶಾಲೆಯ ನೌಕರಿ ಹಿಡಿದ ಮೇಲೂ, ತನ್ನ ಸಂಜೆಗಳನ್ನೆಲ್ಲ ಅವರ ಜಗಲಿಯಲ್ಲೇ ಕಳೆದಿದ್ದಳು.

ಶ್ರಾವಣದ ಭಜನಾ ಸಪ್ತಾಹದಲ್ಲಿ ವಾರವಿಡೀ, ಹಗಲಿರುಳು, ದೇವಸ್ಥಾನದಲ್ಲಿ ಹಾಡು ಕಡಿಯಬಾರದು. ಒಂದು ಮಂಡಳಿಯ ಪಾಳಿ ಮುಗಿಯುವ ಮೊದಲೇ ಇನ್ನೊಂದು ಬಂದು ಅದೇ ಸಾಲನ್ನು ಎತ್ತಿಕೊಳ್ಳಬೇಕು. ಉಳಿದವರಿಗೆ ಇದು ಪದ್ಧತಿ, ಮಾಸ್ತರರಿಗೆ ಪ್ರಾಣ. ಅಕ್ಕಪಕ್ಕದವರಿಬ್ಬರು ಒಟ್ಟಿಗೆ ಉಸಿರೆಳೆದರೆ ಕೊಡೆಯ ಹಿಡಿಕೆ ತಲೆಗೆ ಕುಟ್ಟುತ್ತಿತ್ತು. ಹಣಕೋಣದ ಬಾಳಾನ ಮಂಡಳಿಗೂ ಅವರೇ ಗುರು. ಬಸ್ಸು ಕೆಟ್ಟು ಅವನೊಮ್ಮೆ ತಡವಾಗಿ ಬಂದದ್ದಕ್ಕೆ ಮುಂದಿನ ಶ್ರಾವಣದವರೆಗೆ ಮಾತು ಬಿಟ್ಟರು. ವಿದ್ಯಾಳ ಕೂಸಿಗೆ ಮೈ ಸುಡುವ ಜ್ವರ ಬಂದಾಗಲೂ, ಕೂಸನ್ನು ಅತ್ತೆ ನೋಡಿಕೊಳ್ಳುತ್ತಾರೆ, ಪಾಳಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದ ಪುಣ್ಯಾತ್ಮ! ಅವಳು ಅತ್ತುಕೊಂಡೇ ಹೋಗಿ ಹಾಡಿ ಬಂದಿದ್ದಳು.

ಎರಡು ಸಾವಿರದ ನಾಲ್ಕರ ಶ್ರಾವಣದಲ್ಲಿ ಮಾಸ್ತರರು ಹಾಸಿಗೆ ಹಿಡಿದಿದ್ದರು. ಮಕ್ಕಳಿಲ್ಲದ ಮನೆ, ದೇವಸ್ಥಾನದ ಹಿಂದಿನ ಓಣಿಯಲ್ಲೇ. ಸಪ್ತಾಹದ ಕೊನೆಯ ದಿನ, ಮಧ್ಯಾಹ್ನದ ಪಾಳಿಗೆ ಹೊರಟು ನಿಂತ ವಿದ್ಯಾಳ ಕೈಯನ್ನು, ಎಂದೂ ಯಾರ ಕೈಯನ್ನೂ ಹಿಡಿಯದ ಆ ಮನುಷ್ಯ ಹಿಡಿದುಕೊಂಡರು.

“ಪಾಳಿ ಮುಗ್ಸ್ಕಂಡು ಬಾ ತಂಗಿ. ನಿಂಗೊಂದು ಮಾತು ಹೇಳೂದದೆ.”

ಪಾಳಿ ಮುಗಿಯುವ ಹೊತ್ತಾದರೂ ಹಣಕೋಣದವರು ಬರಲಿಲ್ಲ. ಗಂಟಲು ಉರಿಯುತ್ತಿತ್ತು, ಮನಸ್ಸು ಓಣಿಯಲ್ಲಿತ್ತು. ಬಾಳಾನ ವಂಶಕ್ಕೆಲ್ಲ ಮನಸ್ಸಿನಲ್ಲೇ ಶಾಪ ಹಾಕುತ್ತ, ಪಕ್ಕದವಳು ಉಸಿರೆಳೆದಲ್ಲಿ ತಾನು ಸಾಲು ಹಿಡಿಯುತ್ತ, ವಿದ್ಯಾ ಹಾಡು ಕಡಿಯದಂತೆ ಕಾದಳು. ಕೊನೆಗೆ ಅವರು ಬಂದರು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಆದರೂ ಎಲ್ಲರ ತಲೆ ಒದ್ದೆ. ತನ್ನವರಿಗೆ ಸಾಲು ಹಿಡಿಸಿ ಬಾಳಾ ಅವಳ ಹಿಂದೆಯೇ ಮೆಟ್ಟಿಲಿಗೆ ಬಂದ.

“ಮಾಸ್ತರನ್ನ ನೋಡ್ಕಂಡು ಬರ್ವಾ ಅಂತ ಮೊದ್ಲು ಮನೆಗೆ ಹೋದ್ವು. ಹೋಗೇಬಿಟ್ಟಿದ್ರು. ಹೊರೂಕೆ ಜನ ಇರ್ಲಿಲ್ಲ ತಂಗಿ, ನಾವೇ ಹೊತ್ವು. ಮಿಂದ್ಕಂಡು ಬರೂದ್ರೊಳಗೆ ತಡ ಆಯ್ತು. ನಿಮ್ಗೆ ಯಾರೂ ಹೇಳೇ ಇಲ್ವ?”

ಹೇಳಿದ್ದರು. ಮಾಸ್ತರರ ಹೆಂಡತಿ ದೇವಕಿಯಮ್ಮ ಆಗಲೇ ದೇವಸ್ಥಾನಕ್ಕೆ ಜನ ಕಳಿಸಿದ್ದರು. ಊರಿನಲ್ಲಿ ಹೆಣವಿದ್ದರೆ ದೇವರಿಗೆ ಪೂಜೆಯಿಲ್ಲ, ಸಪ್ತಾಹ ಕೆಡುತ್ತದೆ. ಅದಕ್ಕೆ ಮೊಕ್ತೇಸರ ಶಾಂತಾರಾಮ ಸುದ್ದಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಬೇಗ ಎತ್ತಿರೆಂದು ಹೇಳಿ ಕಳಿಸಿದ್ದ. ವಿದ್ಯಾ ಎದುರು ಹೋಗಿ ನಿಂತಾಗ ಅವನ ಮುಖದಲ್ಲಿ ಅಳುಕೂ ಇರಲಿಲ್ಲ.

“ಕೇಳದ ಸುದ್ದಿಗೆ ಸೂತಕ ಇಲ್ಲ. ನಿಮ್ಮ ಮಾಸ್ತರೇ ಆಗಿದ್ರೆ ಹಾಡು ನಿಲ್ಸೂಕೆ ಬಿಡ್ತಿದ್ರಾ, ನೀನೇ ಹೇಳು.”

ಬಿಡುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ಶಾಂತಾರಾಮನಿಗಿಂತ ಸತ್ತ ಮಾಸ್ತರರ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು ಬಂತು.

ದೇವಕಿಯಮ್ಮ ತೊಳೆದ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ನನಗೆ ಹೇಳಬೇಕೆಂದ ಮಾತೇನಿತ್ತು ಎಂದು ವಿದ್ಯಾ ಕೇಳಿದಳು. ಅದು ಅವರಿಗೂ ಗೊತ್ತಿರಲಿಲ್ಲ.

“ಬಾಗಿಲ ಬದಿಗೇ ನೋಡ್ತಿದ್ರು. ಮೈಕಿನಾಗೆ ನಿಮ್ಮ ಹಾಡು ಕೇಳ್ತಿತ್ತು. ‘ಇವ್ರು ಇನ್ನೂ ನಿಲ್ಸಲಿಲ್ವೇನೆ?’ ಅಂದ್ರು. ಅಷ್ಟೇಯ.”

ಒಂದೇ ವ್ರತ ಹಿಡಿದು ಬದುಕುವ ಇಂಥ ಗುರುಗಳನ್ನು ಊರು ಹಾಡಿ ಹೊಗಳುತ್ತದೆ, ಫೋಟೋಕ್ಕೆ ಹಾರ ಹಾಕುತ್ತದೆ. ಅವರು ಶಿಷ್ಯರನ್ನು ತಿದ್ದಿ ತೀಡಿ ತಮ್ಮಷ್ಟೇ ಗಟ್ಟಿ ಮಾಡಿಬಿಡುತ್ತಾರೆ. ಕಟ್ಟಕಡೆಗೆ ತಮಗೇ ಒಂದು ಮೆತ್ತಗಿನ ಜೀವ ಬೇಕೆನಿಸಿದಾಗ, ಎದ್ದು ಬರುವಂಥವರನ್ನು ಒಬ್ಬರನ್ನೂ ಉಳಿಸಿಕೊಂಡಿರುವುದಿಲ್ಲ.